ಖಂಡುಗ ಎಂದರೆ ಎಷ್ಟು ಎಕರೆ?

ಶಾಸನಗಳನ್ನು ಓದಲು ತೊಡಗಿದ ವಿದ್ಯಾರ್ಥಿ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಅರಸನೋ ಊರಗೌಡನೋ ಒಂದು ಗುಡಿಗೆ, ಕೆರೆ ಕಟ್ಟಿಸಿದವನಿಗೆ, ಇಲ್ಲವೆ ಊರಿಗಾಗಿ ಕಾದಿ ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಾನೆ. ಕಲ್ಲಿನ ಮೇಲೆ ಇಷ್ಟು ಖಂಡುಗ ಗದ್ದೆ, ಇಷ್ಟು ಕೊಳಗ ಬೆದ್ದಲು ಎಂದು ಬರೆದಿರುತ್ತದೆ. ಓದಿದವರು ತಕ್ಷಣ ಪುಸ್ತಕದ ಕೊನೆಯ ಪುಟ ತಿರುವುತ್ತಾರೆ. ಅಲ್ಲಿ ಒಂದು ಕೋಷ್ಟಕ ಇರಬೇಕು, ಖಂಡುಗಕ್ಕೆ ಎದುರಾಗಿ ಎಕರೆಯ ಅಂಕಿ ಇರಬೇಕು. ಒಬ್ಬ ವಿದ್ವಾಂಸರ ಅಂಕಿ ಸಿಗುತ್ತದೆ. ಇನ್ನೊಂದು ಪುಸ್ತಕ ತೆರೆದರೆ ಬೇರೆಯೇ ಅಂಕಿ ಸಿಗುತ್ತದೆ. ಯಾವುದು ಸರಿ ಎಂದು ಮೇಷ್ಟರನ್ನು ಕೇಳಿದರೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಈ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಇಲ್ಲ. ಯಾಕೆ ಇಲ್ಲ ಎಂಬುದರಲ್ಲೇ ನಮ್ಮ ನೆಲದ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸ ಅಡಗಿದೆ. ಆ ಇತಿಹಾಸವನ್ನು ನೋಡಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಬದಿಯ ಹೇರೋಹಳ್ಳಿಯಂಥ ಒಂದು ಊರು ಸಾಕು. ಕೆರೆ ಇದೆ, ಕೆರೆಯ ಹೆಸರು ಹೇಳಿಕೊಳ್ಳುವ ಬಡಾವಣೆಗಳಿವೆ, ಮೂವತ್ತು ನಲವತ್ತರ ಸೈಟುಗಳಿವೆ. ಖಂಡುಗದಿಂದ ಚದರಡಿಯವರೆಗಿನ ದಾರಿಯೆಲ್ಲ ಇಂಥ ಊರಿನ ಮಣ್ಣಿನ ಮೇಲೆಯೇ ಹಾದು ಹೋಗಿದೆ.

ಮೊದಲು ಪದವನ್ನು ನೋಡೋಣ. ಖಂಡುಗ ಎಂಬುದು ಮೂಲತಃ ನೆಲದ ಅಳತೆಯಲ್ಲ, ಕಾಳಿನ ಅಳತೆ. ಕಣದಲ್ಲಿ ರಾಶಿ ಅಳೆಯುವಾಗ 4 ಬಳ್ಳ ಒಂದು ಕೊಳಗ, 20 ಕೊಳಗ ಒಂದು ಖಂಡುಗ ಎಂದು ಲೆಕ್ಕ. ಹಳೆಯ ಗಂಗರ ಕಾಲದ ಶಾಸನಗಳಲ್ಲಿ ಇದು ‘ಕಣ್ಡುಗ’ ಎಂದು ಅಲ್ಪಪ್ರಾಣದಲ್ಲಿ ಕಾಣುತ್ತದೆ. ಮುಂದೆ ಬರಹದಲ್ಲಿ ಮಹಾಪ್ರಾಣ ಸೇರಿ ಖಂಡುಗವಾಯಿತು. ಹಳ್ಳಿಯವರ ಬಾಯಲ್ಲಿ ಮಾತ್ರ ಕಂಡುಗವಾಗಿಯೇ ಉಳಿಯಿತು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟಿನ ಹೊತ್ತಿಗೂ ಕಂಡುಗ, ಕೊಳಗ, ಬಳ್ಳ, ಮಾನ, ಸೇರುಗಳು ದಿನಬಳಕೆಯ ಮಾತುಗಳೇ.

ಕಾಳಿನ ಪಾತ್ರೆ ನೆಲದ ಅಳತೆಯಾದದ್ದು ಹೇಗೆ? ಸರಳ. ಒಂದು ಖಂಡುಗ ಬೀಜ ಹಿಡಿಯುವ ಭೂಮಿ ಒಂದು ಖಂಡುಗ ಭೂಮಿ. ‘ನಿಮ್ಮ ಗದ್ದೆ ಎಷ್ಟು?’ ಎಂಬ ಪ್ರಶ್ನೆಗೆ ‘ಹತ್ತು ಕೊಳಗ’ ಎಂದು ಉತ್ತರಿಸಿದವನು ಉದ್ದ ಅಗಲ ಹೇಳುತ್ತಿರಲಿಲ್ಲ. ಬಿತ್ತನೆಯ ದಿನ ಮನೆಯಿಂದ ಎಷ್ಟು ಬೀಜ ಹೊರಬೀಳುತ್ತದೆ ಎಂದು ಹೇಳುತ್ತಿದ್ದ. ರೈತನಿಗೆ ತನ್ನ ಹೊಲದ ಬಗ್ಗೆ ಖಚಿತವಾಗಿ ಗೊತ್ತಿರುವ ಸಂಗತಿ ಅದೇ. ಹೊಲದ ಅಂಚು ವಕ್ರವಾಗಿರಬಹುದು, ನಡುವೆ ಬಂಡೆ ಇರಬಹುದು, ಒಂದು ಮೂಲೆ ಚೌಳು ಹಿಡಿದಿರಬಹುದು. ಬಂಡೆಯ ಮೇಲೆ ಯಾರೂ ಬಿತ್ತುವುದಿಲ್ಲ. ಹಾಗಾಗಿ ಬೀಜದ ಲೆಕ್ಕದಲ್ಲಿ ಬಂಡೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಇಲ್ಲಿಂದಲೇ ಕೋಷ್ಟಕ ಮಾಡುವವರ ಕಷ್ಟ ಆರಂಭವಾಗುತ್ತದೆ. ಬೆಂಗಳೂರಿನ ಸುತ್ತಿನ ಹೊಲದಲ್ಲಿ ಬಿತ್ತುವುದು ರಾಗಿ. ರಾಗಿಯ ಕಾಳು ಸಾಸಿವೆಗಿಂತ ದೊಡ್ಡದಲ್ಲ. ಸಾಲು ಬಿಟ್ಟು ಬಿತ್ತಿ, ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಹಾಕುತ್ತಾರೆ. ಒಂದು ಕೊಳಗ ರಾಗಿ ಬಹಳ ದೂರ ಹೋಗುತ್ತದೆ. ಬತ್ತದ ಕಾಳು ದಪ್ಪ, ಗದ್ದೆಯಲ್ಲಿ ಒತ್ತಾಗಿ ಬೀಳುತ್ತದೆ. ಅದೇ ಕೊಳಗ ಬೇಗ ಬರಿದಾಗುತ್ತದೆ. ಹಾಗಾಗಿ ಒಂದು ಖಂಡುಗ ಬೆದ್ದಲು ಒಂದು ಖಂಡುಗ ಗದ್ದೆಗಿಂತ ಹಲವು ಪಟ್ಟು ದೊಡ್ಡದು. ಬತ್ತದಲ್ಲಿಯೂ ಮೂರು ಕ್ರಮಗಳಿದ್ದವು. ಒಣ ನೆಲಕ್ಕೆ ಒಣ ಬೀಜ ಎರಚುವ ಬರಬತ್ತ, ಮೊಳಕೆ ಕಟ್ಟಿ ಕೆಸರಿಗೆ ಚೆಲ್ಲುವ ಮೊಳೆಬತ್ತ, ಪೈರು ಕಿತ್ತು ನೆಡುವ ನಾಟಿ. ಮೂರಕ್ಕೂ ಬೀಜದ ಪ್ರಮಾಣ ಬೇರೆ ಬೇರೆ. ಇನ್ನು ಕೊಳಗ ಎಂಬ ಪಾತ್ರೆಯೇ ಸೀಮೆಯಿಂದ ಸೀಮೆಗೆ ಹಿಗ್ಗಿ ಕುಗ್ಗುತ್ತಿತ್ತು. ಅಂದ ಮೇಲೆ ಒಂದು ಖಂಡುಗ ಎಂದರೆ ಇಷ್ಟೇ ಎಕರೆ ಎಂದು ಹೇಳುವವರು ಯಾವ ಊರಿನ, ಯಾವ ಬೆಳೆಯ, ಯಾವ ಬಿತ್ತನೆಯ ಖಂಡುಗ ಎಂದು ಮೊದಲು ಹೇಳಬೇಕಾಗುತ್ತದೆ.

ಈ ಭಾಗದ ಶಾಸನಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ 1905ರಲ್ಲಿ ಪ್ರಕಟವಾಯಿತು. ಬೆಂಗಳೂರು ಜಿಲ್ಲೆಯ ಶಾಸನಗಳು ಅದರಲ್ಲಿವೆ. ಅದನ್ನು ತಿರುವಿದರೆ ಖಂಡುಗ, ಕೊಳಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಆದರೆ ಬರೇ ಅಂಕಿಯಾಗಿ ಬರುವುದು ಅಪರೂಪ. ಗದ್ದೆಯೋ ಬೆದ್ದಲೋ ಎಂಬುದು ಜೊತೆಗಿರುತ್ತದೆ. ಯಾವ ಕೆರೆಯ ಕೆಳಗೆ, ತೂಬಿನಿಂದ ಯಾವ ಕಡೆಗೆ ಎಂಬುದೂ ಎಷ್ಟೋ ಸಲ ಇರುತ್ತದೆ. ಆಮೇಲೆ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ನಾಲ್ಕು ದಿಕ್ಕಿನ ಎಲ್ಲೆ: ನೆಟ್ಟ ಕಲ್ಲು, ಹುತ್ತ, ಮರ, ಹಳ್ಳ. ಅಂಕಿ ಹೇಳದೆ ಬಿಟ್ಟದ್ದನ್ನು ಈ ಮಾತುಗಳು ತುಂಬುತ್ತವೆ. ಖಂಡುಗ ಭೂಮಿಯ ಶಕ್ತಿಯನ್ನು ಹೇಳಿತು; ಎಲ್ಲೆಕಲ್ಲು ಅದರ ಹರವನ್ನು ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ಮಾತ್ರ ದಾನದ ಚಿತ್ರ ಪೂರ್ತಿಯಾಗುತ್ತದೆ.

ಕೆರೆಯ ಹೆಸರು ಇಷ್ಟು ಸಲ ಯಾಕೆ ಬರುತ್ತದೆ? ಕೆರೆಯಿಲ್ಲದೆ ಖಂಡುಗ ಗದ್ದೆ ಎಂಬ ಮಾತಿಗೇ ಅರ್ಥವಿಲ್ಲ. ದೊಡ್ಡ ನದಿಯಿಲ್ಲದ ಈ ಎತ್ತರದ ಬಯಲಲ್ಲಿ ಗದ್ದೆ ಎಂದರೆ ಕೆರೆಯ ಅಚ್ಚುಕಟ್ಟು. ತೂಬೆತ್ತಿದಾಗ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಗದ್ದೆ, ಆಮೇಲೆ ಬೆದ್ದಲು. ಹೂಳು ತುಂಬಿ ಕೆರೆ ಕಿರಿದಾದರೆ ಗದ್ದೆಯ ಖಂಡುಗಗಳೂ ಕಿರಿದಾಗುತ್ತಿದ್ದವು. ಅದಕ್ಕಾಗಿಯೇ ಕೆರೆ ಕಟ್ಟಿದವನಿಗೆ, ಏರಿ ಸರಿಮಾಡಿದವನಿಗೆ ಅದೇ ಕೆರೆಯ ಕೆಳಗೆ ಭೂಮಿ ಬಿಡುವ ಪದ್ಧತಿ ಬಂತು. ಗಂಗರ ಕಾಲದಿಂದ ಕಾಣುವ ‘ಬಿತ್ತುವಟ್ಟ’ ಎಂಬ ಪದವೂ ಕೆರೆಯ ಪಾಲನೆಗೆ ಸಂಬಂಧಿಸಿದ್ದೇ. ಅದರೊಳಗೂ ‘ಬಿತ್ತು’ ಕುಳಿತಿದೆ. ಸೇವೆಗೆ ಪ್ರತಿಯಾಗಿ ಬಿಟ್ಟ ಭೂಮಿಗೆ ‘ಕೊಡಗೆ’ ಎನ್ನುತ್ತಿದ್ದರು. ಹಳೆ ಮೈಸೂರಿನ ಹಲವೆಡೆ ಕೊಡಿಗೆಹಳ್ಳಿ ಎಂಬ ಊರಿದೆ. ಹೇರೋಹಳ್ಳಿಯ ನೆರೆಯಲ್ಲೂ ಒಂದಿದೆ. ಸುಂಕದಕಟ್ಟೆ ಎಂಬ ಹೆಸರು ಸುಂಕ ಕಟ್ಟುವ ಜಾಗವನ್ನು ನೆನಪಿಸಿದರೆ, ಕೊಡಿಗೆಹಳ್ಳಿ ಯಾರಿಗೋ ಯಾತಕ್ಕೋ ಕೊಟ್ಟ ಭೂಮಿಯನ್ನು ನೆನಪಿಸುತ್ತದೆ. ಬಸ್ಸಿನ ಬೋರ್ಡಿನ ಮೇಲೆ ದಿನವೂ ಓದುವ ಹೆಸರುಗಳು ಒಂದು ಕಾಲದ ಕಂದಾಯದ ಮಾತುಗಳು.

ಇಷ್ಟು ಹೇಳಿದರೆ, ಕನ್ನಡಿಗರಿಗೆ ನೆಲದ ಹರವನ್ನು ಅಳೆಯಲು ಬರುತ್ತಿರಲಿಲ್ಲವೇನೋ ಎನಿಸಬಹುದು. ಹಾಗೇನಿಲ್ಲ. ಉತ್ತರ ಕರ್ನಾಟಕದ ಚಾಲುಕ್ಯರ ಕಾಲದ ಶಾಸನಗಳನ್ನು ತೆಗೆದರೆ ಖಂಡುಗದ ಜಾಗದಲ್ಲಿ ‘ಮತ್ತರು’, ‘ಕಮ್ಮ’ಗಳು ಕಾಣುತ್ತವೆ. ಅವು ಕೋಲಿನಿಂದ ಅಳೆದ ನೆಲದ ಮಾತುಗಳು. ಕೋಲಿಗೆ ‘ಗಳೆ’ ಎಂದೂ ಹೆಸರು. ಗಳೆಗೆ ಎಷ್ಟು ಗೇಣು ಎಂದು ಶಾಸನವೇ ಹೇಳುವುದುಂಟು. ಗುಡಿಯ ಕಲ್ಲಿನ ಮೇಲೆ ಅಳತೆಯ ಗೆರೆ ಕೊರೆದಿಟ್ಟಿರುವುದೂ ಉಂಟು. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಕಂಬವನ್ನು ಪ್ರವಾಸಿಗರು ನೋಡಿರುತ್ತಾರೆ. ಅಲ್ಲಿನ ಶಾಸನಗಳಲ್ಲಿ ‘ಭೇರುಂಡ ಗಳೆ’ ಎಂಬ ಅಳತೆಗೋಲಿನ ಮಾತೂ ಬರುತ್ತದೆ. ವಿಶಾಲವಾದ ಕಪ್ಪುಮಣ್ಣಿನ ಬಯಲಲ್ಲಿ ಕೋಲು ಹಿಡಿದು ಅಳೆಯುವುದು ಹೊಂದಿಕೆಯಾಗುತ್ತದೆ. ಏರುತಗ್ಗಿನ, ಕೆರೆಕುಂಟೆಗಳ ಕೆಂಪುಮಣ್ಣಿನ ಸೀಮೆಯಲ್ಲಿ ಬೀಜದ ಲೆಕ್ಕ ಹೊಂದುತ್ತದೆ. ಗೆರೆ ಎಳೆದ ಹಾಗೆ ಬೇರೆಯಾಗದಿದ್ದರೂ ಒಟ್ಟು ಒಲವು ಹೀಗೇ ಕಾಣುತ್ತದೆ.

ಇಂದಿಗೂ ಬಾಯಿಮಾತಿನಲ್ಲಿ ಈ ಹಳೆಯ ಅಳತೆಗಳು ಪೂರ್ತಿ ಸತ್ತಿಲ್ಲ. ಧಾರವಾಡ, ಗದಗದ ಕಡೆ ಹಿರಿಯರು ‘ಎರಡು ಕೂರಿಗೆ ಹೊಲ’ ಎನ್ನುತ್ತಾರೆ. ಕೂರಿಗೆ ಎಂದರೆ ಬಿತ್ತುವ ಸಾಧನ. ಅದು ಒಂದು ದಿನದಲ್ಲಿ ಬಿತ್ತಿ ಮುಗಿಸುವ ಹೊಲ ಒಂದು ಕೂರಿಗೆ ಹೊಲ, ಸುಮಾರು 4 ಎಕರೆ. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ‘ಮುಡಿ ಗದ್ದೆ’. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕೊಡಗಿನಲ್ಲಿ ‘ಭಟ್ಟಿ’. ಬೀಜ, ಬೆಳೆ, ದುಡಿಮೆಯ ದಿನ ಇವುಗಳಲ್ಲಿ ಒಂದಲ್ಲ ಒಂದರ ಮೂಲಕ ನೆಲವನ್ನು ಹೇಳುವ ಕ್ರಮ ಎಲ್ಲೆಡೆಯೂ ಇತ್ತು.

ಇದು ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ನಾವು ವೈಜ್ಞಾನಿಕ ಎಂದುಕೊಂಡಿರುವ ಎಕರೆಯೂ ಹುಟ್ಟಿದ್ದು ಹೀಗೆಯೇ: ಒಂದು ಜೋಡಿ ಎತ್ತು ಒಂದು ದಿನದಲ್ಲಿ ಉಳುವಷ್ಟು ನೆಲ. ಇಂಗ್ಲೆಂಡಿನಲ್ಲಿ ಅದನ್ನು ಕಾನೂನಿನಿಂದ ಕಟ್ಟಿಹಾಕಿ 4,840 ಚದರ ಗಜವೆಂದು ನಿಲ್ಲಿಸಿದ ಮೇಲೆ ಎತ್ತು ಮರೆಯಾಗಿ ಅಂಕಿ ಉಳಿಯಿತು. ಪೋಲೆಂಡಿನ ಇತಿಹಾಸಕಾರ ವಿಟೋಲ್ಡ್ ಕುಲಾ ಅಳತೆಗಳ ಮೇಲೆಯೇ ಒಂದು ದೊಡ್ಡ ಗ್ರಂಥ ಬರೆದರು. ಯುರೋಪಿನ ರೈತರೂ ಬೀಜದ ಲೆಕ್ಕದಲ್ಲಿ, ದುಡಿಮೆಯ ಲೆಕ್ಕದಲ್ಲಿ ಹೊಲವನ್ನು ಅಳೆಯುತ್ತಿದ್ದರೆಂದು ಅವರು ತೋರಿಸುತ್ತಾರೆ. ಹಳೆಯ ಅಳತೆಗಳನ್ನು ಅಜ್ಞಾನ ಎಂದು ತಳ್ಳಿಹಾಕಬಾರದು, ಅವು ಭೂಮಿಯ ಗುಣವನ್ನೂ ಜೊತೆಗೇ ಹೇಳುತ್ತಿದ್ದವು ಎಂಬುದು ಅವರ ವಾದದ ಸಾರ.

ಹಾಗೆಂದು ಖಂಡುಗದ ಕಾಲವನ್ನು ಚಿನ್ನದ ಕಾಲವೆಂದು ಹಾಡಬೇಕಿಲ್ಲ. ಅಳತೆಯ ಪಾತ್ರೆ ಯಾರ ಕೈಯಲ್ಲಿರುತ್ತದೋ ಅಧಿಕಾರವೂ ಅವರ ಕೈಯಲ್ಲೇ. ಕೊಳಗವನ್ನು ತಲೆ ಸವರಿ ಅಳೆಯಬೇಕೋ, ಗೋಪುರವಾಗಿ ತುಂಬಿ ಅಳೆಯಬೇಕೋ ಎಂಬ ಸಣ್ಣ ವಿಷಯದಲ್ಲಿ ರೈತನ ಕೆಲವು ದಿನಗಳ ಊಟ ಅಡಗಿರುತ್ತಿತ್ತು. ಯಾರ ಗದ್ದೆ ಎಷ್ಟು ಕೊಳಗ ಎಂಬುದು ಶಾನುಭೋಗರ ಕಡತದಲ್ಲಿ ಇರುತ್ತಿತ್ತು. ಕಡತ ಓದಲು ಬರುತ್ತಿದ್ದವರು ಊರಿಗೆ ಒಬ್ಬರೋ ಇಬ್ಬರೋ. ಕೆರೆಯ ನೀರು ಬಿಡುವ ನೀರಗಂಟಿಗೆ ಯಾವ ಗದ್ದೆ ಎಷ್ಟು ನೀರು ಕುಡಿಯುತ್ತದೆಂದು ಗೊತ್ತಿದ್ದರೂ ಅವನ ಮಾತು ಕಡತದೊಳಗೆ ಬರುತ್ತಿರಲಿಲ್ಲ. ಹೊಲವನ್ನು ಉತ್ತು ಬಿತ್ತುತ್ತಿದ್ದ ಎಷ್ಟೋ ಮಂದಿಯ ಹೆಸರಿನಲ್ಲಿ ಒಂದು ಬಳ್ಳದಷ್ಟೂ ನೆಲವಿರಲಿಲ್ಲ. ಖಂಡುಗ ನೆಲದ ಗುಣವನ್ನು ಹೇಳಿತು ನಿಜ, ಆದರೆ ಹೊರಗಿನವರು ಪರೀಕ್ಷಿಸಿ ನೋಡಲಾಗದ ಹಾಗೆ ಹೇಳಿತು.

ಹೊರಗಿನವರಿಗೆ ಅದು ತಲೆನೋವಾಯಿತು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಆದೇಶದ ಮೇಲೆ ಮೈಸೂರು ಸೀಮೆಯಲ್ಲೆಲ್ಲ ಸುತ್ತಿದ. ಬೆಂಗಳೂರು, ಮಾಗಡಿಗಳನ್ನೂ ಕಂಡ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದ ಮೂರು ಸಂಪುಟಗಳಲ್ಲಿ ಊರೂರಿನ ಸೇರು, ಕೊಳಗ, ಖಂಡುಗಗಳ ವಿವರ ತುಂಬಿದೆ. ಒಂದು ಊರಿನ ಲೆಕ್ಕ ಮುಂದಿನ ಊರಿಗೆ ಹೊಂದುವುದಿಲ್ಲ. ಊರಿಗೆ ಒಂದು ಅಳತೆ ಇದ್ದರೆ ಊರಿನವರಿಗೆ ತೊಂದರೆಯಿಲ್ಲ. ಸಾವಿರಾರು ಊರುಗಳ ಕಂದಾಯವನ್ನು ಒಂದೇ ಮೇಜಿನ ಮೇಲೆ ಕೂಡಿಸಬೇಕಾದ ಸರ್ಕಾರಕ್ಕೆ ಮಾತ್ರ ದೊಡ್ಡ ತೊಂದರೆ.

ಆ ತೊಂದರೆಗೆ ಉತ್ತರ ಮುಂಬಯಿ ಪ್ರಾಂತದಲ್ಲಿ ಸಿದ್ಧವಾಯಿತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಲ್ಲಿ ಪುಣೆಯ ಬಳಿಯ ಇಂದಾಪುರದಲ್ಲಿ ಆರಂಭಿಸಿದ ಮೋಜಣಿಯ ಕ್ರಮ ಧಾರವಾಡ, ಬೆಳಗಾವಿಯ ಕಡೆಗೂ ಹಬ್ಬಿತು. ಮೈಸೂರಿನಲ್ಲಿ ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಅದೇ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ಅಳೆಯುವ ಸಾಧನ 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ: 33 ಇಂಟು 33, ಅಂದರೆ 1,089 ಚದರಡಿ. 40 ಗುಂಟೆ ಒಂದು ಎಕರೆ. ಗುಂಟೆಯೊಳಗೆ 16 ಆಣೆ. ರೂಪಾಯಿಯನ್ನು ಹದಿನಾರು ಆಣೆಯಾಗಿ ಒಡೆಯುವ ಜನಕ್ಕೆ ನೆಲವನ್ನೂ ಹಾಗೆ ಒಡೆಯುವುದು ಸುಲಭವಾಯಿತು.

ಗುಂಟೆ ಎಂಬ ಪದ ಎಲ್ಲಿಂದ ಬಂತು? 1620ರ ಸುಮಾರಿಗೆ 66 ಅಡಿಯ ಸರಪಳಿಯನ್ನು ಬಳಕೆಗೆ ತಂದ ಇಂಗ್ಲಿಷ್ ಗಣಿತಜ್ಞ ಎಡ್ಮಂಡ್ ಗಂಟರನ ಹೆಸರು ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನಮ್ಮ ಸರ್ವೆಯ ಸರಪಳಿ ಅವನ ಸರಪಳಿಯ ಸರಿಯಾದ ಅರ್ಧ ಬೇರೆ! ಆದರೆ ಪದ ಅವನದಲ್ಲ. ಮರಾಠಿಯಲ್ಲಿ ಗುಂಠಾ ಇದೆ. ದೂರದ ಒಡಿಶಾದಲ್ಲೂ ಗುಂಠ ಇದೆ, ಅಲ್ಲಿ ಎಕರೆಗೆ 40 ಅಲ್ಲ, 25. ನೆಲದಲ್ಲಿ ಮೊದಲೇ ಇದ್ದ ಒಂದು ಪದವನ್ನು ಮುಂಬಯಿಯ ಸರ್ವೆ ಎಕರೆಯ ನಲವತ್ತನೇ ಒಂದು ಭಾಗವಾಗಿ ಕತ್ತರಿಸಿ ಹೊಂದಿಸಿಕೊಂಡಿತು. ಹೊಸ ಅಳತೆ ಹಳೆಯ ಹೆಸರನ್ನು ತೊಟ್ಟು ಬಂದರೆ ಜನ ಬೇಗ ಒಪ್ಪುತ್ತಾರೆ. ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರು, ಕಾಸರಗೋಡು, ಬಳ್ಳಾರಿಗಳಲ್ಲಿ ಎಕರೆಯನ್ನು ನೂರು ಭಾಗ ಮಾಡಿ ‘ಸೆಂಟ್ಸ್’ ಎಂದರು. ಇಂದಿಗೂ ಮಂಗಳೂರಿನವರು ‘ಐದು ಸೆಂಟ್ಸ್ ಜಾಗ’ ಎನ್ನುತ್ತಾರೆ, ಬೆಂಗಳೂರಿನವರು ‘ಐದು ಗುಂಟೆ’ ಎನ್ನುತ್ತಾರೆ. ರಾಜ್ಯ ಒಂದಾಗಿ ಎಷ್ಟೋ ವರ್ಷವಾದರೂ ಹಳೆಯ ಪ್ರಾಂತಗಳ ಗಡಿ ನಾಲಿಗೆಯ ಮೇಲೆ ಹಾಗೆಯೇ ಇದೆ.

ಸರ್ವೆ ಮಾಡಿದ ದೊಡ್ಡ ಕೆಲಸ ಎಂದರೆ ಎರಡು ಪ್ರಶ್ನೆಗಳನ್ನು ಬೇರೆ ಮಾಡಿದ್ದು. ಭೂಮಿ ಎಷ್ಟಿದೆ? ಭೂಮಿ ಹೇಗಿದೆ? ಖಂಡುಗ ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಕೊಡುತ್ತಿತ್ತು. ಈಗ ಎಷ್ಟು ಎಂಬುದು ಎಕರೆ ಗುಂಟೆಯ ಕಾಲಮಿಗೆ ಹೋಯಿತು. ಹೇಗೆ ಎಂಬುದು ವರ್ಗೀಕರಣಕ್ಕೆ ಹೋಯಿತು. ಮಣ್ಣಿನ ಬಣ್ಣ, ಆಳ, ದೋಷ ನೋಡಿ ಒಂಬತ್ತು ದರ್ಜೆ; ಮೊದಲ ದರ್ಜೆ ಹದಿನಾರಾಣೆಯದು, ಕೊನೆಯದು ಎರಡಾಣೆಯದು. ತರಿ ಜಮೀನಿಗೆ ಕೆರೆಯ ನೀರು ಎಷ್ಟು ಕಾಲ ಸಿಗುತ್ತದೆಂದು ನೋಡಿ ಪ್ರತ್ಯೇಕ ದರ್ಜೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಹೆಸರುಗಳು ನೆಲೆಯಾದವು. ಬಂಡೆ, ಹಳ್ಳ, ದಾರಿಗಳು ‘ಖರಾಬು’ ಎಂಬ ಕಾಲಮಿಗೆ ಸೇರಿದವು. ಖಂಡುಗದ ಲೆಕ್ಕದಲ್ಲಿ ತಾನಾಗಿ ಬಿಟ್ಟುಹೋಗುತ್ತಿದ್ದ ಬಂಡೆಯನ್ನು ಈಗ ಅಳೆದು, ಬರೆದು, ಕಳೆಯಬೇಕಾಯಿತು.

ಇದರಿಂದ ರೈತನಿಗೆ ಲಾಭವಾಯಿತು ಎಂಬುದನ್ನು ಮರೆಯಬಾರದು. ಸರಪಳಿ ಯಾರು ಹಿಡಿದರೂ ಅದೇ ಉದ್ದ. ಸರ್ವೆ ನಂಬರು, ನಕ್ಷೆ, ಮೂಲೆಗೆ ನೆಟ್ಟ ಬಾಂದಿನ ಕಲ್ಲು ಬಂದ ಮೇಲೆ ಒತ್ತುವರಿಯಾಗಿದೆ ಎಂದು ದಾಖಲೆ ಹಿಡಿದು ವಾದಿಸಲು ದಾರಿಯಾಯಿತು. ಆದರೆ ಜೊತೆಗೆ ಇನ್ನೊಂದೂ ಆಯಿತು. ಎಲ್ಲಿಯ ಎಕರೆಯೂ ಎಲ್ಲಿಯ ಎಕರೆಗೂ ಸಮವಾದ ಮೇಲೆ, ನೆಲವನ್ನು ನೋಡದವನೂ ಕಾಗದದ ಮೇಲೆ ಕೊಳ್ಳಬಹುದು, ಮಾರಬಹುದು, ಒತ್ತೆಯಿಡಬಹುದು. ಖಂಡುಗವನ್ನು ತಿಳಿಯಲು ಊರಿಗೆ ಹೋಗಬೇಕಿತ್ತು. ಎಕರೆಯನ್ನು ತಿಳಿಯಲು ಕಚೇರಿ ಸಾಕಾಯಿತು.

1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದ ಮೇಲೆ ಸೇರು, ಬಳ್ಳ, ಕೊಳಗಗಳು ಅಂಗಡಿಯಿಂದಲೂ ಕಣದಿಂದಲೂ ಸರಿದವು. ಪಾತ್ರೆಯೇ ಹೋದ ಮೇಲೆ ಪಾತ್ರೆಯ ಹೆಸರಿನ ನೆಲ ಎಷ್ಟು ದಿನ ಉಳಿದೀತು? ಸಕ್ಕರೆ, ಅಕ್ಕಿಗಳೆಲ್ಲ ಕಿಲೋಗೆ ಬಂದವು. ನೆಲ ಮಾತ್ರ ಹೆಕ್ಟೇರಿಗೆ ಪೂರ್ತಿ ಒಲಿಯದೆ ಎಕರೆ ಗುಂಟೆಯಲ್ಲೇ ನಿಂತಿತು. ಇಂದಿನ ಪಹಣಿಯಲ್ಲೂ ಅದೇ.

ಆದರೂ ಖಂಡುಗದ ತರ್ಕ ಸುಲಭವಾಗಿ ಸಾಯುವಂಥದ್ದಲ್ಲ. 1974ರಲ್ಲಿ ತಿದ್ದುಪಡಿಯಾದ ಕರ್ನಾಟಕ ಭೂಸುಧಾರಣಾ ಕಾಯ್ದೆ ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿಗೆ ಮಿತಿ ಹಾಕಬೇಕಾಯಿತು. ಎಲ್ಲರಿಗೂ ಇಷ್ಟೇ ಎಕರೆ ಎಂದರೆ ಕಾವೇರಿ ನಾಲೆಯ ಕೆಳಗಿನ ರೈತನಿಗೂ ಚಿತ್ರದುರ್ಗದ ಮಳೆಯಾಶ್ರಿತ ರೈತನಿಗೂ ನ್ಯಾಯ ಒಂದೇ ಆಗುವುದಿಲ್ಲ. ಹಾಗಾಗಿ ಕಾಯ್ದೆ ‘ಯುನಿಟ್’ ಎಂಬ ಹೊಸ ಮಾತನ್ನು ತಂದಿತು. ಮಿತಿ 10 ಯುನಿಟ್. ಖಾತ್ರಿ ನೀರಾವರಿಯ ಉತ್ತಮ ಜಮೀನಾದರೆ ಅದು 10 ಎಕರೆ; ಬರೀ ಮಳೆ ನಂಬಿದ ಖುಷ್ಕಿಯಾದರೆ 54 ಎಕರೆ. ಗದ್ದೆಯ ಖಂಡುಗ ಚಿಕ್ಕದು, ಬೆದ್ದಲಿನ ಖಂಡುಗ ದೊಡ್ಡದು ಎಂದಿದ್ದ ಹಳ್ಳಿಯ ಅಜ್ಜನ ಮಾತನ್ನೇ ವಿಧಾನಸೌಧ ಮತ್ತೊಮ್ಮೆ ಬೇರೆ ಹೆಸರಿನಲ್ಲಿ ಹೇಳಿತು. ನೆಲವನ್ನು ನ್ಯಾಯವಾಗಿ ಹಂಚಬೇಕು ಎಂದುಕೊಂಡಾಗಲೆಲ್ಲ ಬರೀ ಹರವು ಸಾಲದೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ನಗರ ಈ ತರ್ಕವನ್ನು ಕೊನೆಗೂ ಮುಗಿಸಿತು. ಹೇರೋಹಳ್ಳಿಯ ಕಡೆಯ ಹಳ್ಳಿಗಳಲ್ಲಿ ಮೊದಲು ಕಾರ್ಖಾನೆಗಳ ಕೆಲಸಗಾರರು ನೆಲೆಸಿದರು, ಆಮೇಲೆ ಸೈಟು ಮಾಡುವವರು ಬಂದರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗಿ ನಗರದ ಅಂಚು ಹೊರಗೆ ಸರಿಯಿತು. ಹೇರೋಹಳ್ಳಿ ಎಂಬುದು ಒಂದು ವಾರ್ಡಿನ ಹೆಸರಾಯಿತು. ಈಗ ಅಳತೆಯ ಮಾತು ‘ಥರ್ಟಿ ಫಾರ್ಟಿ’. 30 ಇಂಟು 40, ಅಂದರೆ 1,200 ಚದರಡಿ. ಒಂದು ಗುಂಟೆಗಿಂತ 111 ಚದರಡಿ ಹೆಚ್ಚು. ಮನೆಯ ಲೆಕ್ಕಕ್ಕೆ ಬೆಂಗಳೂರಿಗರಿಗೆ ಇನ್ನೊಂದು ಮಾತಿದೆ: ‘ಚದರ’. 100 ಚದರಡಿ ಒಂದು ಚದರ. ‘ಹತ್ತು ಚದರದ ಮನೆ’ ಎಂದರೆ ಮೇಸ್ತ್ರಿಗೆ ಎಲ್ಲವೂ ಅರ್ಥವಾಗುತ್ತದೆ. ಈ ಮಾತುಗಳಲ್ಲಿ ಮಣ್ಣಿನ ಬಣ್ಣವಿಲ್ಲ, ನೀರಿಲ್ಲ. ದಿಕ್ಕು ಇದೆ, ಅದೂ ವಾಸ್ತುವಿನ ಕಾರಣಕ್ಕೆ. ಮೂಲೆ ಸೈಟಿಗೆ ಬೆಲೆ ಹೆಚ್ಚು. ಅದು ಹಿಂದೆ ತರಿಯೋ ಖುಷ್ಕಿಯೋ ಎಂದು ಕೇಳುವವರಿಲ್ಲ.

ಎರಡು ಭಾಷೆಗಳು ಒಂದನ್ನೊಂದು ಮುಟ್ಟುವ ಜಾಗ ಭೂಸ್ವಾಧೀನ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ ಹನ್ನೆರಡು ಹಳ್ಳಿಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನು ಮಾಡುತ್ತಿದೆ. ಅವುಗಳಲ್ಲಿ ಕೊಡಿಗೆಹಳ್ಳಿಯೂ ಒಂದು. 2010ರ ಅಂತಿಮ ಅಧಿಸೂಚನೆಯಲ್ಲಿ ಜಮೀನು 4,043 ಎಕರೆ 27 ಗುಂಟೆ. ಸರ್ಕಾರ ಜಮೀನು ಪಡೆಯುವುದು ಎಕರೆ ಗುಂಟೆಯಲ್ಲಿ. ಹಣದ ಬದಲಿಗೆ ಅಭಿವೃದ್ಧಿಪಡಿಸಿದ ಸೈಟು ಬೇಕೆಂದ ರೈತನಿಗೆ ಮರಳಿ ಕೊಡುವುದು ಚದರಡಿಯಲ್ಲಿ: ಎಕರೆಗೆ 9,583 ಚದರಡಿ. ಈ ಅಂಕಿ ಹುಟ್ಟುವುದು ಹೀಗೆ. ಒಂದು ಎಕರೆಯ 43,560 ಚದರಡಿಯಲ್ಲಿ ರಸ್ತೆ, ಉದ್ಯಾನ, ಇತರೆ ಸೌಲಭ್ಯಗಳನ್ನು ಕಳೆದು ಶೇ. 55ರಷ್ಟು ಸೈಟಾಗುತ್ತದೆ, ಅದರಲ್ಲಿ ಶೇ. 40 ರೈತನದು. ಅಂದರೆ 9 ಗುಂಟೆಗೂ ಕಡಿಮೆ. ಮೂವತ್ತು ನಲವತ್ತರ ಎಂಟು ಸೈಟಿಗೆ ಕೂದಲೆಳೆಯಷ್ಟು ಕೊರತೆ. ಮಾರುಕಟ್ಟೆಯ ಬೆಲೆಯಲ್ಲಿ ಅದು ನಷ್ಟವೇ ಆಗಬೇಕೆಂದಿಲ್ಲ. ಆದರೆ ಎಕರೆಗೆ ಎಕರೆ ಎಲ್ಲರಿಗೂ ಒಂದೇ ಅಂಕಿ: ಕೆರೆಯ ಕೆಳಗಿನ ಗದ್ದೆ ಕೊಟ್ಟವನಿಗೂ ಅದೇ, ದಿಣ್ಣೆಯ ಮೇಲಿನ ಬೆದ್ದಲು ಕೊಟ್ಟವನಿಗೂ ಅದೇ. ಸಾವಿರ ವರ್ಷ ಬೇರೆ ಬೇರೆ ಹೆಸರು ಹೊತ್ತು ಬದುಕಿದ ಎರಡು ನೆಲಗಳು ಒಂದು ಆದೇಶದಲ್ಲಿ ಒಂದಾಗಿಹೋದವು.

ಈ ಬದಲಾವಣೆಯ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕೆರೆಗೆ. ಖಂಡುಗದ ಲೆಕ್ಕ ಇದ್ದಷ್ಟು ದಿನ ಅಚ್ಚುಕಟ್ಟಿನ ಪ್ರತಿಯೊಬ್ಬನ ಆಸ್ತಿಯ ಗಾತ್ರವೇ ಕೆರೆಯ ಮೇಲೆ ನಿಂತಿತ್ತು. ಹೂಳೆತ್ತುವುದು ಪುಣ್ಯದ ಕೆಲಸವಷ್ಟೇ ಆಗಿರಲಿಲ್ಲ, ತನ್ನ ಕೊಳಗಗಳನ್ನು ಉಳಿಸಿಕೊಳ್ಳುವ ಕೆಲಸವಾಗಿತ್ತು. ಗದ್ದೆ ಸೈಟಾದ ದಿನ ಆ ಕೊಂಡಿ ಕಳಚಿತು. ಕೆರೆ ತುಂಬಿದರೂ ಬತ್ತಿದರೂ 1,200 ಚದರಡಿ 1,200 ಚದರಡಿಯೇ. ಕೆರೆಯ ಕೋಡಿಯಿಂದ ಇಳಿಯುತ್ತಿದ್ದ ರಾಜಕಾಲುವೆ ದಾಖಲೆಯಲ್ಲಿ ಒಂದಿಷ್ಟು ಗುಂಟೆ ಖರಾಬಾಗಿ ಉಳಿಯಿತು. ಖರಾಬು ಎಂಬ ಪದ ಕೇಳಿದವರಿಗೆ ಅದು ಯಾರಿಗೂ ಬೇಡದ ನೆಲವೆನಿಸಿತು. ದೊಡ್ಡ ಮಳೆ ಬಂದ ರಾತ್ರಿ ನೀರು ಮಾತ್ರ ಹಳೆಯ ಲೆಕ್ಕವನ್ನೇ ಹಿಡಿದು ಬರುತ್ತದೆ. ಎಲ್ಲಿ ಗದ್ದೆ ಇತ್ತೋ ಅಲ್ಲಿಗೆ ಹರಿದು ನಿಲ್ಲುತ್ತದೆ. ಖಂಡುಗ ಗದ್ದೆ ಎಂದು ಗೊತ್ತಿದ್ದ ಜಾಗ ಎಂದರೆ ನೀರು ಬರುವ ಜಾಗ ಎಂದೇ ಅರ್ಥವಿತ್ತು. ಪದ ಮರೆತ ಮೇಲೆ ಆ ಎಚ್ಚರಿಕೆಯೂ ಮರೆತುಹೋಯಿತು.

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಖಂಡುಗ ಎಂದರೆ ಎಷ್ಟು ಎಕರೆ? ಪರೀಕ್ಷೆಗೆ ಒಂದು ಅಂಕಿ ಬೇಕೇ ಬೇಕು ಎಂದಾದರೆ ಕೋಷ್ಟಕದಿಂದ ಬರೆದುಕೊಳ್ಳಿ, ತಪ್ಪೇನಿಲ್ಲ. ಆದರೆ ಶಾಸನವನ್ನು ನಿಜವಾಗಿ ಓದಬೇಕೆಂದಿದ್ದರೆ ಅಂಕಿಗೆ ಅವಸರ ಮಾಡಬೇಡಿ. ಗದ್ದೆಯೋ ಬೆದ್ದಲೋ ನೋಡಿ. ಯಾವ ಕೆರೆಯ ಹೆಸರಿದೆ, ತೂಬಿನ ಯಾವ ಕಡೆ ಎಂದಿದೆ, ಎಲ್ಲೆಗಳಲ್ಲಿ ಹಳ್ಳ ಇದೆಯೇ ದಿಣ್ಣೆ ಇದೆಯೇ ನೋಡಿ. ಹತ್ತು ಖಂಡುಗ ಗದ್ದೆಯ ದಾನ ಹತ್ತು ಖಂಡುಗ ಬೆದ್ದಲಿನ ದಾನಕ್ಕಿಂತ ಹರವಿನಲ್ಲಿ ಕಿರಿದಾದರೂ ಕೊಟ್ಟವನ ಕೈ ದೊಡ್ಡದಾಗಿರಬಹುದು. ಸಾಧ್ಯವಾದರೆ ಶಾಸನದ ಊರಿಗೆ ಹೋಗಿ, ಕೆರೆ ಏರಿಯ ಮೇಲೆ ನಿಂತು, ನೀರು ಎಲ್ಲಿಯವರೆಗೆ ಹೋಗಬಲ್ಲದು ಎಂದು ಕಣ್ಣಳತೆ ಮಾಡಿ. ಅಲ್ಲೀಗ ಮನೆಗಳೇ ತುಂಬಿರಬಹುದು. ಇಳಿಜಾರು ಮಾತ್ರ ಬದಲಾಗಿರುವುದಿಲ್ಲ.